ಗೆಟಿಸ್‌ಬರ್ಗ್ ಮೇಜಿನ ಮೇಲೆ: ಆರು ಮೂಲೆಯ ಮನೆಗಳ ಲೆಕ್ಕ

ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ. ಅವಲಾನ್ ಹಿಲ್ ಕಂಪನಿ ಅದನ್ನು ಬೋರ್ಡ್ ಆಟವಾಗಿ ತಂದದ್ದು 1958ರಲ್ಲಿ. ಕಾಯಿ ನಡೆಸಲು ಷಟ್ಕೋನದ ಮನೆಗಳು ಬಂದದ್ದು 1961ರ ಆವೃತ್ತಿಯಲ್ಲಿ.

ಚೌಕದ ಮನೆ ಯಾಕೆ ಸಾಲದು? ಚೌಕದಲ್ಲಿ ಮೂಲೆಯಿಂದ ಮೂಲೆಗೆ ಹೋದರೆ ಒಂದು ನಡೆಗೆ 1.41 ಪಟ್ಟು ದೂರ ಸಾಗುತ್ತದೆ. ಅಂದರೆ ಓರೆಯಾಗಿ ಹೊರಟ ದಂಡು ನೇರ ಹೊರಟದ್ದಕ್ಕಿಂತ ಶೇಕಡಾ 41ರಷ್ಟು ಹೆಚ್ಚು ವೇಗದಲ್ಲಿ ಸಾಗುತ್ತದೆ. ಷಟ್ಕೋನದಲ್ಲಿ ಆರೂ ನೆರೆಮನೆಗಳ ನಡುಬಿಂದು ಒಂದೇ ದೂರ. ಹಾಗಂತ ಮೋಸ ಪೂರ್ತಿ ಹೋಗುವುದಿಲ್ಲ. ಮನೆಗಳ ಸಾಲಿನಗುಂಟ ಹೋಗದೆ ಎರಡು ಸಾಲುಗಳ ಮಧ್ಯದ ದಿಕ್ಕಿಗೆ ಹೊರಟರೆ, ಎರಡು ನಡೆಗೆ 1.73 ಮನೆಯಷ್ಟೇ ದೂರ ದಕ್ಕುತ್ತದೆ.

ನಿಜವಾದ ಪೇಚು ಇರುವುದು ರಕ್ಷಣಾ ಸಾಲಿನಲ್ಲಿ. ಎಲ್ಲ ಕಾಯಿಗಳ ಬಲವೂ 4, ಮನೆಗೊಂದೇ ಕಾಯಿ ಎಂದಿಟ್ಟುಕೊಳ್ಳಿ. ಕಾಯಿಗಳನ್ನು ನೇರ ಸಾಲಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದರೆ ಪ್ರತಿಯೊಂದರ ಎದುರಿಗೂ ಎರಡೆರಡು ಮನೆ. ಶತ್ರು 8 ಬಲ ತರಬಲ್ಲ, ಅನುಪಾತ 2:1. ಅದೇ ಸಾಲು ಮನೆಗಳಿಗೆ ಅಡ್ಡ ಬಿದ್ದರೆ ಅಂಕುಡೊಂಕಾಗುತ್ತದೆ: ಒಂದು ಕಾಯಿ ಮುಂದೆ, ಪಕ್ಕದ್ದು ಅರ್ಧ ಮನೆ ಹಿಂದೆ. ಹಿಂದಿನದಕ್ಕೆ ಎದುರಾಗುವುದು ಒಂದೇ ಮನೆ. ಮುಂದೆ ಚಾಚಿದ್ದಕ್ಕೆ ಮೂರು; 12ಕ್ಕೆ 4, ಅಂದರೆ 3:1. ಅದೇ ಸೈನಿಕರು, ಅದೇ ಗುಡ್ಡ. ನಕ್ಷೆಯ ಗೆರೆ ತಿರುಗಿದ್ದಕ್ಕೇ ಸಾವು ಹತ್ತಿರ ಬಂತು.

ಮುಂದೆ ಚಾಚಿದವರಿಗೆ ಪೆಟ್ಟು ಜಾಸ್ತಿ ಎನ್ನುವುದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಜುಲೈ 2ರಂದು ಉತ್ತರದವರ ಜನರಲ್ ಡೇನಿಯಲ್ ಸಿಕಲ್ಸ್ ತನ್ನ ಮೂರನೇ ಕೋರ್ (ದೊಡ್ಡ ಸೇನಾ ದಳ) ಅನ್ನು ಸೆಮೆಟರಿ ರಿಡ್ಜ್ ಎಂಬ ದಿಬ್ಬದ ಸಾಲು ಬಿಟ್ಟು ಪೀಚ್ ತೋಟದವರೆಗೆ ಮುಂದೊಯ್ದ. ತೋಟದ ಮೂಲೆಗೆ ಪಶ್ಚಿಮದಿಂದಲೂ ದಕ್ಷಿಣದಿಂದಲೂ ಏಟು ಬಿತ್ತು. ಕೋರ್ ನುಚ್ಚುನೂರಾಯಿತು, ಸಿಕಲ್ಸ್‌ನ ಕಾಲೂ ಹೋಯಿತು. ಅಲ್ಲಿ ತಪ್ಪು ಸೇನಾನಿಯದು. ಆಟದಲ್ಲಿ ಮಾತ್ರ ಯಾವ ತಪ್ಪೂ ಮಾಡದ ಆಟಗಾರನ ತಲೆಗೂ ಇದನ್ನು ಗೆರೆಗಳು ಕಟ್ಟಬಲ್ಲವು.

ಇನ್ನು ದಾಳ ಉರುಳಿಸುವ ಮುಂಚಿನ ಲೆಕ್ಕ. ದಾಳಿಯ ಫಲ ಹೇಳುವ ಅನುಪಾತದ ಪಟ್ಟಿಯಲ್ಲಿ ಭಿನ್ನರಾಶಿಯನ್ನು ಸಾಮಾನ್ಯವಾಗಿ ರಕ್ಷಕನ ಪರವಾಗಿ ಕತ್ತರಿಸುತ್ತಾರೆ. ದಾಳಿ ಮಾಡುವ ಮೂರು ಕಾಯಿಗಳಲ್ಲಿ ಒಂದು ಮೊದಲೇ ಏಟು ತಿಂದು 3ಕ್ಕೆ ಇಳಿದಿದ್ದರೆ ಒಟ್ಟು 11. ನಾಲ್ಕರಿಂದ ಭಾಗಿಸಿದರೆ 2.75, ಪಟ್ಟಿಯಲ್ಲಿ ಬರೀ 2:1. ಹೋದದ್ದು ಒಂದು ಅಂಕ, ಜಾರಿದ್ದು ಇಡೀ ಕಂಬಸಾಲು. ಪಳಗಿದವರು ಅರ್ಧ ಗಂಟೆ ಕೂತು ಆ ಒಂದು ಅಂಕ ಹುಡುಕುವುದು ಇದಕ್ಕೇ. ಎದುರಿಗೆ ಕೂತವನ ಟೀ ಅಷ್ಟರಲ್ಲಿ ಆರಿರುತ್ತದೆ.

ಜಗಳ ಹುಟ್ಟುವ ಇನ್ನೊಂದು ಜಾಗ ಫಿರಂಗಿಯ ದೃಷ್ಟಿರೇಖೆ. ಫಿರಂಗಿಯ ಮನೆಯ ನಡುಬಿಂದುವಿನಿಂದ ಗುರಿಯ ಮನೆಯ ನಡುಬಿಂದುವಿಗೆ ದಾರ ಎಳೆದು ನೋಡಬೇಕು. ಕೆಲವೊಮ್ಮೆ ದಾರ ಎರಡು ಮನೆಗಳ ನಡುವಿನ ಗೆರೆಯ ಮೇಲೆಯೇ ಕೂರುತ್ತದೆ: ಒಂದು ಕಡೆ ಕಾಡು, ಇನ್ನೊಂದು ಕಡೆ ಬಯಲು. ಗುಂಡು ದಾಟುತ್ತದೋ ಇಲ್ಲವೋ ಎಂಬುದನ್ನು ಆಟ ಶುರುವಾಗುವ ಮುಂಚೆಯೇ ಮಾತಾಡಿಕೊಳ್ಳಿ.

ನೀವೇ ನಕ್ಷೆ ಬರೆಯುವುದಾದರೆ ಮುಖ್ಯ ರಕ್ಷಣಾ ಸಾಲಿಗೆ ಹೊಂದುವಂತೆ ಮನೆಗಳ ಜಾಲವನ್ನು ತಿರುಗಿಸಿ. ನಡುಬಿಂದುಗಳ ಅಂತರ 20 ಮಿ.ಮೀ. ಇಟ್ಟರೆ ಮನೆಯ ಒಂದು ಬದಿ 11.5 ಮಿ.ಮೀ.; ಒಳಗೆ 14.6 ಮಿ.ಮೀ.ವರೆಗಿನ ಚೌಕದ ಕಾಯಿ ಹಿಡಿಸುತ್ತದೆ. ಅರ್ಧ ಇಂಚಿನದಾದರೆ ಬೆರಳಾಡಿಸಲು ಜಾಗ ಉಳಿಯುತ್ತದೆ. ಗೆಟಿಸ್‌ಬರ್ಗ್‌ನಲ್ಲಿ ಮಾತ್ರ ಎಷ್ಟು ತಿರುಗಿಸಿದರೂ ಕೆಲಸ ಪೂರ್ತಿಯಾಗದು: ಉತ್ತರದವರ ಸಾಲು ಮೀನಿನ ಗಾಳದಂತೆ ಬಾಗಿತ್ತು, ಎಲ್ಲೋ ಒಂದು ಕಡೆ ಅದು ಮನೆಗಳಿಗೆ ಅಡ್ಡ ಬಿದ್ದೇ ಬೀಳುತ್ತದೆ.