ಹೆಣ್ಣುಮಕ್ಕಳನ್ನು ಯುದ್ಧಕ್ಕೆ ಕಳಿಸುತ್ತಾರಾ?

ಪ್ರಶ್ನೆ: ಮಗಳು ಪಿಯುಸಿಯಲ್ಲಿದ್ದಾಳೆ. ಸೇನೆಗೆ ಸೇರಿ ಗಡಿಯಲ್ಲೇ ಹೋರಾಡಬೇಕು ಅಂತ ಹಟ. ಹೆಣ್ಣುಮಕ್ಕಳನ್ನು ಯುದ್ಧಕ್ಕೆ ಕಳಿಸ್ತಾರಾ? ಕಳಿಸಬೇಕಾ?

ಉತ್ತರ: ಕಳಿಸುತ್ತಾರಾ ಅನ್ನುವುದು ಅವಳು ಯಾವ ಪಡೆ ಸೇರುತ್ತಾಳೆ ಅನ್ನುವುದರ ಮೇಲಿದೆ. ವಾಯುಪಡೆಯ ಯುದ್ಧವಿಮಾನ ವಿಭಾಗಕ್ಕೆ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲೇ ಸೇರಿದರು. ಭೂಸೇನೆಯದು ನಿಧಾನದ ಹೆಜ್ಜೆ. ಫಿರಂಗಿ ದಳಕ್ಕೆ ಮೊದಲ ಐವರು ಮಹಿಳಾ ಅಧಿಕಾರಿಗಳು ಬಂದದ್ದು 2023ರ ಏಪ್ರಿಲ್‌ನಲ್ಲಿ. ಇನ್‌ಫೆಂಟ್ರಿ (ನೆಲದ ಮೇಲೆ ನೇರ ಹೋರಾಡುವ ಪದಾತಿ ದಳ) ಮತ್ತು ಟ್ಯಾಂಕ್ ರೆಜಿಮೆಂಟುಗಳು ಮಾತ್ರ ಇನ್ನೂ ಗಂಡಸರಿಗೇ ಮೀಸಲು. ಅಧಿಕಾರಿಯಾಗದೆ ಸೈನಿಕಳಾಗಿಯೇ ಸೇರುವವರಿಗೆ ಮೊದಲು ತೆರೆದದ್ದು ಮಿಲಿಟರಿ ಪೊಲೀಸ್. ಆ ಮೊದಲ ತಂಡದ 83 ಮಂದಿ 61 ವಾರ ಬೆವರು ಹರಿಸಿದ್ದು ನಮ್ಮ ಬೆಂಗಳೂರಿನಲ್ಲೇ.

ಇನ್ನು, ಕಳಿಸಬೇಕಾ? ನನ್ನ ಪ್ರಕಾರ, ಪರೀಕ್ಷೆ ಪಾಸಾದವರನ್ನು ಕಳಿಸಬೇಕು. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ ಇರಬೇಕು: ಅದೇ ತೂಕ, ಅದೇ ದೂರ, ಅದೇ ಸಮಯ. ಬೆನ್ನ ಮೇಲೆ ಭಾರ ಹೊತ್ತು ವಾರಗಟ್ಟಲೆ ನಡೆಯುವ ತರಬೇತಿಯಲ್ಲಿ ಹೆಣ್ಣುಮಕ್ಕಳ ಕಾಲಿನ ಮೂಳೆ ಬಿರುಕು ಬಿಡುವುದು ಗಂಡಸರಿಗಿಂತ ಹೆಚ್ಚು. ಇದನ್ನು ಮುಚ್ಚಿಟ್ಟು ವಾದ ಮಾಡುವುದು ಅವರಿಗೇ ಮಾಡುವ ಅನ್ಯಾಯ. ಪಾಸಾಗುವವರು ಕೆಲವರೇ ಇರಬಹುದು. ಅಮೆರಿಕ ಸೇನೆಯ ಕಠಿಣ ರೇಂಜರ್ ತರಬೇತಿಯನ್ನು 2015ರಲ್ಲಿ ಮೊದಲು ಮುಗಿಸಿದ ಮಹಿಳೆಯರೂ ಇಬ್ಬರೇ. ಕೆಲವರೇ ಅನ್ನುವ ಕಾರಣಕ್ಕೆ ಆ ಕೆಲವರನ್ನೂ ಹೊರಗಿಡುವುದು ಯಾವ ಲೆಕ್ಕ?

ನನಗೆ ಒಪ್ಪಿಗೆಯಾಗದ್ದು ಇನ್ನೊಂದು ವಾದ. ಸೈನಿಕರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದವರು, ಹೆಣ್ಣಿನ ಆಜ್ಞೆ ಪಾಲಿಸಲು ಅವರ ಮನಸ್ಸು ಇನ್ನೂ ಹದಗೊಂಡಿಲ್ಲ ಎಂದು ಸುಪ್ರೀಂ ಕೋರ್ಟಿನಲ್ಲಿ ಸರಕಾರವೇ ಹೇಳಿತ್ತು. ಮಹಿಳಾ ಪಿಎಸ್‌ಐಗೆ ದಿನಾ ಸೆಲ್ಯೂಟ್ ಹೊಡೆಯುವ ನಮ್ಮ ಕಾನ್‌ಸ್ಟೇಬಲ್ ಮತ್ತೆಲ್ಲಿಂದ ಬಂದವನು, ಲಂಡನ್ನಿನಿಂದಲೇ? 2020ರ ಫೆಬ್ರವರಿ 17ರ ತೀರ್ಪಿನಲ್ಲಿ ಕೋರ್ಟು ಆ ವಾದವನ್ನು ತಳ್ಳಿಹಾಕಿ, ಹತ್ತು ವಿಭಾಗಗಳ ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆಯ ಹಕ್ಕು ಕೊಟ್ಟಿತು. ಇನ್‌ಫೆಂಟ್ರಿಯಂಥ ಹೋರಾಟದ ದಳಗಳ ಪ್ರಶ್ನೆಗೆ ಮಾತ್ರ ಕೈ ಹಾಕಲಿಲ್ಲ.

ಅದೇ ತೀರ್ಪಿನಲ್ಲಿ ಮಿತಾಲಿ ಮಧುಮಿತಾ ಅವರ ಹೆಸರಿದೆ. ಅವರು ಸೇನೆಯ ಶಿಕ್ಷಣ ದಳದವರು, ಕಾಬೂಲಿನಲ್ಲಿ ಇಂಗ್ಲಿಷ್ ಕಲಿಸುವ ತಂಡದಲ್ಲಿದ್ದರು. 2010ರಲ್ಲಿ ಅಲ್ಲಿ ಭಾರತೀಯರಿದ್ದ ವಸತಿಗೃಹದ ಮೇಲೆ ದಾಳಿಯಾದಾಗ ಬರಿಗೈಲಿ ಓಡಿಹೋಗಿ, ಅವಶೇಷಗಳಡಿ ಸಿಕ್ಕಿಕೊಂಡವರನ್ನು ಹೊರಗೆಳೆದರು. ಶೌರ್ಯಕ್ಕಾಗಿ ಸೇನಾ ಪದಕ ಬಂತು. ಯುದ್ಧದ ಕೆಲಸವಲ್ಲ ಎಂದು ದಾಖಲೆಯಲ್ಲಿ ಬರೆದಿದ್ದ ಹುದ್ದೆ ಅದು!

ನಿಮ್ಮ ಮಗಳು ಈಗಲೇ ಎನ್‌ಡಿಎ (ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೆ ತಯಾರಾಗಲಿ. ಯುಪಿಎಸ್‌ಸಿ ಅದನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಆ ಅಕಾಡೆಮಿಯಿಂದ ಹುಡುಗಿಯರ ಮೊದಲ ತಂಡ, 17 ಮಂದಿ, 2025ರ ಮೇನಲ್ಲಿ ಹೊರಬಂತು. ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡಿದ್ದರೂ ಭೂಸೇನೆಗೆ ಅಡ್ಡಿಯಿಲ್ಲ. ವಾಯುಪಡೆ, ನೌಕಾಪಡೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಓದಿರಲೇಬೇಕು.