ರಿಪೇರಿಗೆ ಕೊಡುವ ಫೋನಿನ ಜೊತೆ ಪಿನ್ ಯಾಕೆ?

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ ಇರಲಿ, ಧಾರವಾಡದ ಸುಭಾಸ ರಸ್ತೆ ಇರಲಿ, ಮೊಬೈಲ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಸಾಲಾಗಿ ಮಲಗಿದ ಫೋನುಗಳ ಬೆನ್ನಿಗೆ ಒಂದೊಂದು ತುಂಡು ಟೇಪು ಅಂಟಿರುತ್ತದೆ. ಬಾಲ್‌ಪೆನ್ನಿನಲ್ಲಿ ಬರೆದ ಹೆಸರು, ಸಂಪರ್ಕಿಸಲು ಇನ್ನೊಂದು ನಂಬರು, ‘ಡಿಸ್‌ಪ್ಲೇ’ ಅಥವಾ ‘ಚಾರ್ಜಿಂಗ್’ ಎಂಬ ಟಿಪ್ಪಣಿ, ಕೊನೆಗೆ ನಾಲ್ಕಂಕಿಯ ಪಿನ್. ಪ್ಯಾಟರ್ನ್ ಲಾಕ್ ಆಗಿದ್ದರೆ ರಂಗೋಲಿಗೆ ಇಟ್ಟಂತೆ ಒಂಬತ್ತು ಚುಕ್ಕಿ ಇಟ್ಟು ಗೆರೆ ಎಳೆದಿರುತ್ತಾರೆ. ಕೆಲಸದ ಹುಡುಗ, ಚಹಾ ತಂದವನು, ಪಕ್ಕದಲ್ಲಿ ನಿಂತ ಗಿರಾಕಿ, ಯಾರು ಬೇಕಾದರೂ ಓದಬಹುದು. ಇದೇ ಕಸುಬಿನವನಾಗಿ ಹೇಳುತ್ತೇನೆ, ಟೇಪಿನ ಆ ಕೊನೆಯ ಸಾಲು ಬಹಳಷ್ಟು ಕೆಲಸಗಳಿಗೆ ಬೇಕಾಗುವುದೇ ಇಲ್ಲ.

ಬ್ಯಾಟರಿ ಬದಲಿಸಲು ಪಿನ್ ಬೇಡ. ಚಾರ್ಜಿಂಗ್ ಜಾಕ್, ಹಿಂದಿನ ಗಾಜು, ಬಟನ್ ಇವುಗಳಿಗೂ ಬೇಡ. ಡಿಸ್‌ಪ್ಲೇ ಹಾಕಿದ ಮೇಲೆ ಟಚ್ ಪರೀಕ್ಷಿಸಬೇಕಲ್ಲ ಎನ್ನುತ್ತಾರೆ. ಲಾಕ್ ಪರದೆಯಲ್ಲಿಯೇ ತುರ್ತು ಕರೆಯ ಕೀಲಿಗಳಿವೆ, ಅವುಗಳ ಮೇಲೆ ಬೆರಳಾಡಿಸಿದರೆ ಟಚ್ ಹೇಗಿದೆಯೆಂದು ತಿಳಿಯುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಎರಡು ಸಲ ಒತ್ತಿದರೆ ಕ್ಯಾಮೆರಾ ತೆರೆಯುತ್ತದೆ, ಆದರೆ ಲಾಕ್ ತೆಗೆಯದೆ ಹಳೆಯ ಫೋಟೊಗಳು ಕಾಣುವುದಿಲ್ಲ. ಉಳಿದ ಪರೀಕ್ಷೆಯನ್ನು ಫೋನ್ ಒಯ್ಯಲು ಬಂದಾಗ ನೀವೇ ಲಾಕ್ ತೆಗೆದು ಅಂಗಡಿಯವರ ಎದುರಿಗೆ ಮಾಡಿ. ಸಾಫ್ಟ್‌ವೇರ್ ದೋಷ ಹುಡುಕುವ ಕೆಲಸಕ್ಕೆ ಮಾತ್ರ ಫೋನ್ ತೆರೆದಿರಬೇಕಾಗುತ್ತದೆ. ಅಂಥಲ್ಲಿ ನೀವು ಅಲ್ಲಿಯೇ ಕುಳಿತಿರುವುದು ಒಳ್ಳೆಯದು.

ನಂಬಿಕೆಯ ಅಂಗಡಿ, ಪರಿಚಯದ ಹುಡುಗ ಎಂಬ ಸಮಾಧಾನ ಹಲವರಿಗೆ. ನಮ್ಮಲ್ಲಿ ಹೆಚ್ಚಿನವರು ಪ್ರಾಮಾಣಿಕರೇ. ಆದರೆ ನೀವು ಕೊಟ್ಟ ಅಂಗಡಿಯಲ್ಲಿಯೇ ಕೆಲಸ ನಡೆಯುತ್ತದೆ ಎಂಬ ಖಾತ್ರಿಯಿಲ್ಲ. ನೀರು ಹೊಕ್ಕು ಸತ್ತ ಫೋನು ಬೋರ್ಡ್ ಕೆಲಸ ಗೊತ್ತಿರುವ ಇನ್ನೊಬ್ಬರ ಕೈಗೆ ಹೋಗುತ್ತದೆ, ಒಮ್ಮೊಮ್ಮೆ ಕೊರಿಯರ್‌ನಲ್ಲಿ ಬೇರೆ ಊರಿಗೂ ಹೋಗುತ್ತದೆ. ಟೇಪೂ ಜೊತೆಗೆ ಪ್ರಯಾಣ ಮಾಡುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 16 ರಿಪೇರಿ ಅಂಗಡಿಗಳಿಗೆ ಲ್ಯಾಪ್‌ಟಾಪುಗಳನ್ನು ಕೊಟ್ಟು, ಒಳಗೆ ಏನೇನು ನಡೆಯಿತು ಎಂಬುದು ತಾನಾಗಿಯೇ ದಾಖಲಾಗುವಂತೆ ಮಾಡಿ, 2022ರಲ್ಲಿ ವರದಿ ಬರೆದರು. ಆರು ಕಡೆ ಖಾಸಗಿ ಕಡತಗಳನ್ನು ತೆರೆದು ನೋಡಿದ್ದರು, ಎರಡು ಕಡೆ ನಕಲನ್ನೂ ತೆಗೆದಿದ್ದರು. ಪಿನ್ ಗೊತ್ತಿರುವುದು ನಮಗೂ ಒಳ್ಳೆಯದಲ್ಲ. ತಿಂಗಳ ನಂತರ ನಿಮ್ಮ ಖಾತೆಯಿಂದ ಹಣ ಹೋದರೆ ಮೊದಲ ಅನುಮಾನ ನಮ್ಮ ಮೇಲೆಯೇ.

ಪಿನ್ ಸಿಕ್ಕರೆ ಏನೆಲ್ಲ ಸಿಗುತ್ತದೆ ಎಂಬ ಅಂದಾಜು ಹೆಚ್ಚಿನವರಿಗಿಲ್ಲ. ಫೋಟೊ ನೋಡಬಹುದು ಎಂಬಷ್ಟಕ್ಕೇ ಹೆದರುತ್ತಾರೆ. ಗೂಗಲ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೆಲ್ಲ ಅದೇ ಪಿನ್ ಒತ್ತಿದರೆ ಅಕ್ಷರಶಃ ಓದಲು ಸಿಗುತ್ತವೆ. ನಿಮ್ಮ ವಾಟ್ಸ್ಆ್ಯಪ್ ಅನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಲು ನಿಮಿಷ ಸಾಕು. ಫೋನ್ ನಿಮ್ಮ ಕೈಗೆ ಮರಳಿದ ಮೇಲೂ ಆ ಜೋಡಣೆ ಹಾಗೆಯೇ ಇರುತ್ತದೆ. ಇನ್ನು ಹುಟ್ಟಿದ ವರ್ಷವನ್ನೇ ಫೋನಿಗೂ ಎಟಿಎಮ್ಮಿಗೂ ಯುಪಿಐಗೂ ಪಿನ್ ಮಾಡಿಕೊಂಡವರ ಪಾಡು ಹೇಳುವುದೇ ಬೇಡ.

ಇದಕ್ಕಿಂತ ಹಳೆಯ ರೋಗವೊಂದು ನಮ್ಮ ಕಡೆ ಇದೆ. ಹಾವೇರಿ, ಗದಗ ಕಡೆಯ ಹಳ್ಳಿಗಳಿಂದ ಬಂದ ಗಿರಾಕಿಗೆ ‘ನಿಮ್ಮ ಜಿಮೇಲ್ ಯಾವುದು?’ ಎಂದು ಕೇಳಿ ನೋಡಿ. ‘ಫೋನ್ ಕೊಟ್ಟ ಅಂಗಡಿಯವರೇ ಮಾಡಿಕೊಟ್ಟಿದ್ದಾರೆ ಸರ್’ ಎನ್ನುತ್ತಾರೆ. ಪಾಸ್‌ವರ್ಡ್ ಇಟ್ಟವರು ಅವರು, ಮರೆತರೆ ಮರಳಿ ಪಡೆಯಲು ಕೊಟ್ಟ ನಂಬರೂ ಒಮ್ಮೊಮ್ಮೆ ಅವರದೇ. ಮಗಳ ಮದುವೆಯ ಫೋಟೊಗಳಿಂದ ಹಿಡಿದು ಊರಿನ ಸಂಪರ್ಕ ಸಂಖ್ಯೆಗಳವರೆಗೆ ಎಲ್ಲವೂ ಸೇರುವ ಖಾತೆಯ ಕೀಲಿ ಬೇರೆಯವರ ಕೈಯಲ್ಲಿ. ಫೋನ್ ಕೆಟ್ಟು ಎಲ್ಲವನ್ನೂ ಅಳಿಸಬೇಕಾಗಿ ಬಂದಾಗ ಇದರ ಬಿಸಿ ತಟ್ಟುತ್ತದೆ. ರಿಕವರಿ ಮೆನುವಿನಿಂದ ರೀಸೆಟ್ ಮಾಡಿದ ಫೋನು ಹಳೆಯ ಖಾತೆಯ ಪಾಸ್‌ವರ್ಡನ್ನೋ ಹಳೆಯ ಲಾಕನ್ನೋ ಕೇಳುತ್ತದೆ, ಎರಡೂ ಇಲ್ಲದಿದ್ದರೆ ಅಲ್ಲಿಗೆ ನಿಂತಿತು. ಫೋನ್ ಚೆನ್ನಾಗಿರುವಾಗಲೇ ಪಾಸ್‌ವರ್ಡ್ ಬದಲಿಸಿ, ಮರುಪಡೆಯುವ ನಂಬರು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ.

ಫೋನನ್ನು ರಾತ್ರಿ ಅಂಗಡಿಯಲ್ಲಿ ಬಿಟ್ಟು ಬರಬೇಕಾದರೆ ಸಿಮ್ ತೆಗೆದು ಮನೆಯ ಹಳೆಯ ಕೀಪ್ಯಾಡ್ ಫೋನಿಗೆ ಹಾಕಿಕೊಳ್ಳಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಕರೆಯೂ ತಪ್ಪುವುದಿಲ್ಲ, ಬ್ಯಾಂಕಿನ ಒಟಿಪಿಯೂ ಬೇರೆಯವರ ಎದುರಿಗೆ ಬಂದು ಬೀಳುವುದಿಲ್ಲ. ಮೆಮೊರಿ ಕಾರ್ಡ್ ಇದ್ದರೆ ಅದನ್ನೂ ತೆಗೆಯಿರಿ. ಫೋನಿಗೆ ಎಷ್ಟೇ ಗಟ್ಟಿ ಲಾಕ್ ಇದ್ದರೂ ಸಾಮಾನ್ಯವಾಗಿ ಬಳಸುವ ಕಾರ್ಡನ್ನು ಬೇರೆ ಯಾವ ಸಾಧನಕ್ಕೆ ಹಾಕಿದರೂ ಓದಬಹುದು. ಪರದೆ ಕೆಲಸ ಮಾಡುತ್ತಿದ್ದರೆ ಸ್ಯಾಮ್‌ಸಂಗ್‌ನ ಈಚಿನ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್ ಫೋನುಗಳಲ್ಲಿ ರಿಪೇರಿ ಮೋಡ್ ಇದೆ. ಅದನ್ನು ಹಾಕಿ ಕೊಟ್ಟರೆ ನಮಗೆ ಹೊಸದಾಗಿ ಡಬ್ಬಿಯಿಂದ ತೆಗೆದಂಥ ಫೋನು ಕಾಣುತ್ತದೆ, ನಿಮ್ಮ ಮಾಹಿತಿ ಕಾಣುವುದಿಲ್ಲ, ಹೊರಬರಲು ನಿಮ್ಮದೇ ಲಾಕ್ ಬೇಕು. ಇಷ್ಟು ಒಳ್ಳೆಯ ಸೌಲಭ್ಯವನ್ನು ಸೆಟ್ಟಿಂಗ್‌ನ ಮೂಲೆಯಲ್ಲಿ ಅಡಗಿಸಿಟ್ಟಿದ್ದಾರೆ, ಅದೇ ಬೇಸರ.

ಲ್ಯಾಪ್‌ಟಾಪಿನ ಕಥೆ ಬೇರೆ. ಧಾರವಾಡದ ಸಪ್ತಾಪುರದ ಕೋಚಿಂಗ್ ವಿದ್ಯಾರ್ಥಿಗಳು ವಿಂಡೋಸ್ ಪಾಸ್‌ವರ್ಡ್ ಇದೆಯೆಂದು ನಿಶ್ಚಿಂತರಾಗಿರುತ್ತಾರೆ. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಆ ಪಾಸ್‌ವರ್ಡ್ ಏನನ್ನೂ ತಡೆಯುವುದಿಲ್ಲ. ತಡೆಯುವುದು ವಿಂಡೋಸ್‌ನ ಬಿಟ್‌ಲಾಕರ್‌ನಂಥ ಗೂಢಲಿಪೀಕರಣ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಡಿಸ್ಕಿನ ಮಾಹಿತಿಯನ್ನು ಬದಲಿಸಿಡುವ ವ್ಯವಸ್ಥೆ ಮಾತ್ರ. ಅದನ್ನು ಹಾಕಿದವರು 48 ಅಂಕಿಯ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲೇಬೇಕು, ಮದರ್‌ಬೋರ್ಡ್ ಬದಲಾದರೆ ಯಂತ್ರ ಮೊದಲು ಕೇಳುವುದು ಅದನ್ನೇ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ.

ಪಿನ್ ಕೊಟ್ಟಾಗಿದ್ದರೆ, ಫೋನ್ ಕೈಗೆ ಬಂದೊಡನೆ ಅದನ್ನು ಬದಲಿಸಿ, ವಾಟ್ಸ್ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಗುರುತಿಲ್ಲದ ಸಾಧನ ಕಂಡರೆ ಲಾಗ್ ಔಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧ. ಆದರೆ ಫೋನು ಆ ದಿನ ಆ ಅಂಗಡಿಯಲ್ಲಿತ್ತು ಎಂದು ತೋರಿಸುವುದು ಹೇಗೆ? ನೂರಿನ್ನೂರು ಉಳಿಯುತ್ತದೆಂದು ಬಿಲ್ ಬೇಡ ಎನ್ನುವವರೇ ಹೆಚ್ಚು. ಫೋನ್ ಕೊಡುವಾಗಲೇ ತಾರೀಕು, ಮಾಡಬೇಕಾದ ಕೆಲಸ ಮತ್ತು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬರೆದ ಚೀಟಿ ಕೇಳಿ ಪಡೆಯಿರಿ. ಸಂಖ್ಯೆ ಗೊತ್ತಿಲ್ಲದಿದ್ದರೆ *#06# ಒತ್ತಿದರೆ ಕಾಣುತ್ತದೆ.