ಹಾಲೊಂದೇ ಸಾಲದು: ಮರಿಗಳು ಬೆಳೆಯುವ ಬಗೆ

ಹೆತ್ತ ಮೊದಲ ವಾರದಲ್ಲಿ ತಾಯಿ ಇಲಿಗೆ ಮುಖ್ಯವಾಗಿ ಎರಡೇ ಕೆಲಸ. ಮರಿಗಳಿಗೆ ಹಾಲೂಡಿಸೋದು, ಅವುಗಳ ಮೈ ನೆಕ್ಕೋದು. ಹಾಲಿನ ವಿಷಯದಲ್ಲಿ ತಾಯಂದಿರ ನಡುವೆ ಅಂಥ ವ್ಯತ್ಯಾಸ ಕಾಣುವುದಿಲ್ಲ, ಮರಿಗಳ ತೂಕವೂ ಹೆಚ್ಚುಕಡಿಮೆ ಒಂದೇ. ನೆಕ್ಕೋದರಲ್ಲಿ ಮಾತ್ರ ಭಾರೀ ವ್ಯತ್ಯಾಸ. ಕೆಲವು ತಾಯಂದಿರು ಬಿಡದೆ ನೆಕ್ಕುತ್ತಲೇ ಇರುತ್ತವೆ, ಇನ್ನು ಕೆಲವು ಹಾಲು ಕೊಟ್ಟು ಆಗೊಮ್ಮೆ ಈಗೊಮ್ಮೆ ನಾಲಿಗೆ ಆಡಿಸಿ ಸುಮ್ಮನಾಗುತ್ತವೆ.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಕೂತು ಗಮನಿಸಿದ್ದು ಇದನ್ನೇ. ಚೆನ್ನಾಗಿ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಅಷ್ಟಾಗಿ ಹೆದರುವುದಿಲ್ಲ. ಹೊಸ ಜಾಗಕ್ಕೆ ಬಿಟ್ಟರೆ ಓಡಾಡಿ ನೋಡುತ್ತವೆ. ಇಕ್ಕಟ್ಟಿನ ಕೊಳವೆಯೊಳಗೆ ಹಿಡಿದಿಟ್ಟರೆ ಅವುಗಳ ಮೈಯಲ್ಲೂ ಒತ್ತಡದ ಹಾರ್ಮೋನು ಏರುತ್ತದೆ, ಆದರೆ ಏರೋದು ಕಡಿಮೆ, ಇಳಿಯೋದು ಬೇಗ. ನೆಕ್ಕಿಸಿಕೊಳ್ಳದ ಮರಿಗಳಲ್ಲಿ ಇದಕ್ಕೆ ತದ್ವಿರುದ್ಧ.

ಇದು ರಕ್ತದಲ್ಲೇ ಬಂದದ್ದಿರಬಹುದಲ್ವಾ? ಶಾಂತ ಸ್ವಭಾವದ ತಾಯಿಗೆ ಶಾಂತ ಮರಿ, ಅಷ್ಟೇ ಯಾಕಾಗಿರಬಾರದು? ಈ ಅನುಮಾನ ಬಗೆಹರಿಸಲು ಅವರು ಹುಟ್ಟಿದ ಕೂಡಲೇ ಮರಿಗಳನ್ನು ಅದಲುಬದಲು ಮಾಡಿದರು. ಕಡಿಮೆ ನೆಕ್ಕುವ ತಾಯಿಗೆ ಹುಟ್ಟಿದ ಮರಿ, ಜಾಸ್ತಿ ನೆಕ್ಕುವ ತಾಯಿಯ ಗೂಡಲ್ಲಿ ಬೆಳೆಯಿತು. ಬೆಳೆದದ್ದು ಸಾಕಿದವಳ ಹಾಗೆ, ಹೆತ್ತವಳ ಹಾಗಲ್ಲ. ಅಲ್ಲಿಗೇ ಮುಗಿಯಲಿಲ್ಲ. ಹೀಗೆ ಬೆಳೆದ ಹೆಣ್ಣುಮರಿಗಳು ತಾವು ತಾಯಾದಾಗ ತಮ್ಮ ಮರಿಗಳನ್ನೂ ಜಾಸ್ತಿ ನೆಕ್ಕಿದವು. ಅಂದರೆ ಒಂದು ಗುಣ ತಲೆಮಾರಿನಿಂದ ತಲೆಮಾರಿಗೆ ಹೋಗುತ್ತಿದೆ, ಜೀನುಗಳಲ್ಲಿ ಬರೆದದ್ದು ಬದಲಾಗದೆಯೇ. 2004ರಲ್ಲಿ ಇದೇ ತಂಡ ಮಿದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಇದಕ್ಕೊಂದು ಕಾರಣ ತೋರಿಸಿತು. ಒತ್ತಡದ ಹಾರ್ಮೋನನ್ನು ಗುರುತಿಸುವ ಗ್ರಾಹಕವನ್ನು ತಯಾರಿಸಲು ಒಂದು ಜೀನು ಇದೆ. ಕಡಿಮೆ ನೆಕ್ಕಿಸಿಕೊಂಡ ಮರಿಗಳಲ್ಲಿ ಆ ಜೀನಿನ ಮೇಲೆ ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪುಗಳು ಹೆಚ್ಚಾಗಿ ಅಂಟಿಕೊಂಡು, ಜೀನಿನ ಕೆಲಸವನ್ನು ತಗ್ಗಿಸುತ್ತವೆ. ಗ್ರಾಹಕ ಕಡಿಮೆಯಾದರೆ ಹಾರ್ಮೋನು ಸಾಕಷ್ಟು ಬಂದಿದೆ ಅನ್ನೋದು ಮಿದುಳಿಗೆ ತಡವಾಗಿ ತಿಳಿಯುತ್ತದೆ, ನಿಲ್ಲಿಸು ಅನ್ನೋ ಸೂಚನೆಯೂ ತಡವಾಗಿ ಹೋಗುತ್ತದೆ.

ಇಲ್ಲಿ ಒಂದು ಮಾತು. ಈ ಪ್ರಯೋಗದ ಸುದ್ದಿ ಕೇಳಿದವರು ತಕ್ಷಣ ಕಡಿಮೆ ನೆಕ್ಕುವ ಇಲಿಯನ್ನು ಕೆಟ್ಟ ತಾಯಿ ಅಂದುಬಿಡುತ್ತಾರೆ. ಜಾಸ್ತಿ ನೆಕ್ಕುವ ಇಲಿಯನ್ನೇ ಬಸಿರಲ್ಲಿ ಒತ್ತಡಕ್ಕೆ ಒಡ್ಡಿದರೆ ಅದೂ ನೆಕ್ಕೋದು ಕಡಿಮೆ ಮಾಡುತ್ತದೆ. ತಾಯಿಯ ಪಾಡು ಹೇಗಿದೆ ಅನ್ನೋದು ನೋಡದೆ ತಾಯಿಯನ್ನು ದೂರೋದು ಸುಲಭದ ಕೆಲಸ, ಮನುಷ್ಯರ ವಿಷಯದಲ್ಲೂ ಅದನ್ನೇ ಮಾಡುತ್ತಾ ಬಂದಿದ್ದೇವೆ.

ಮನುಷ್ಯರ ಮಕ್ಕಳ ಬಗ್ಗೆ ಒಂದು ಕಾಲದ ತಜ್ಞರು ಕೊಟ್ಟ ಸಲಹೆ ಕೇಳಿದರೆ ಈಗ ನಗು ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ ತಂದೆತಾಯಂದಿರಿಗೆ ಹೇಳಿದ್ದು: ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ, ತೊಡೆ ಮೇಲೆ ಕೂರಿಸಬೇಡಿ, ಬೆಳಗ್ಗೆ ಎದ್ದಾಗ ಕೈಕುಲುಕಿ ಸಾಕು. ಮಗು ತಾಯಿಗೆ ಅಂಟಿಕೊಳ್ಳೋದು ಹಾಲಿಗಾಗಿ ಮಾತ್ರ ಅಂತಲೇ ಆಗ ಬಹಳ ಜನ ನಂಬಿದ್ದರು.

ಆ ನಂಬಿಕೆಗೆ ಪೆಟ್ಟು ಕೊಟ್ಟದ್ದು ಕೋತಿಮರಿಗಳು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ 1950ರ ದಶಕದಲ್ಲಿ ರೀಸಸ್ ಕೋತಿಯ ಮರಿಗಳನ್ನು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬಿಡಿಸಿ, ಎರಡು ಬೊಂಬೆಗಳ ಜೊತೆ ಇಟ್ಟರು. ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿ ತಂತಿ ಬೊಂಬೆಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿಯೋಕಷ್ಟೇ ಅಲ್ಲಿಗೆ ಹೋಗುತ್ತಿದ್ದವು. ಉಳಿದಂತೆ ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡಿರುತ್ತಿದ್ದವು, ದಿನಕ್ಕೆ 17–18 ಗಂಟೆ ಕಾಲ. ಡೋಲು ಬಾರಿಸುವ ಆಟಿಕೆ ಕರಡಿಯನ್ನು ಮುಂದೆ ಬಿಟ್ಟರೆ ಹೆದರಿ ಓಡುತ್ತಿದ್ದದ್ದೂ ಬಟ್ಟೆಯ ಬೊಂಬೆಯ ಕಡೆಗೇ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಸ್ವಲ್ಪ ಹೊತ್ತು ಮೈ ಉಜ್ಜಿ, ಆಮೇಲೆ ತಲೆ ತಿರುಗಿಸಿ ಕರಡಿಯನ್ನು ನೋಡುತ್ತಿದ್ದವು. ಹೆದರಿಕೆ ಹೋಗಿ ಕುತೂಹಲ ಹುಟ್ಟುತ್ತಿದ್ದ ಕ್ಷಣ ಅದು.

ಆದರೆ ಬಟ್ಟೆಯ ಬೊಂಬೆ ತಾಯಿಯಾಗಲಿಲ್ಲ. ಅದು ತಿರುಗಿ ತಬ್ಬುವುದಿಲ್ಲ, ಬೈಯುವುದಿಲ್ಲ, ಆಡುವುದಿಲ್ಲ. ಬೇರೆ ಕೋತಿಗಳ ಒಡನಾಟವಿಲ್ಲದೆ ಬೊಂಬೆಯ ಜೊತೆ ಬೆಳೆದ ಮರಿಗಳು ದೊಡ್ಡವಾದ ಮೇಲೆ ಹಿಂದೆ ಮುಂದೆ ತೂಗುತ್ತಾ ಕೂರುತ್ತಿದ್ದವು, ತಮ್ಮನ್ನೇ ಕಚ್ಚಿಕೊಳ್ಳುತ್ತಿದ್ದವು. ಅವುಗಳಲ್ಲಿ ಮರಿ ಹಾಕಿದ ಎಷ್ಟೋ ಹೆಣ್ಣುಗಳು ಮರಿಯನ್ನು ಹತ್ತಿರ ಸೇರಿಸಲಿಲ್ಲ, ಕೆಲವು ಹೊಡೆದವು. ಇವು ಕ್ರೂರ ಪ್ರಯೋಗಗಳು, ಇವತ್ತು ಹೀಗೆ ಮಾಡೋಕೆ ಒಪ್ಪಿಗೆ ಸಿಗೋದು ಕಷ್ಟ. ಸಿಗಲೂಬಾರದು.

ದುಃಖದ ವಿಷಯ ಏನೆಂದರೆ, ಇಂಥದ್ದೇ ಪ್ರಯೋಗ ಒಂದು ದೇಶದಲ್ಲಿ ಮಕ್ಕಳ ಮೇಲೆ ನಡೆದುಹೋಯಿತು, ಯಾರೂ ಪ್ರಯೋಗ ಅಂತ ಕರೆಯದೆ. ರೊಮೇನಿಯಾದ ಚೌಶೆಸ್ಕು ಸರ್ಕಾರ 1966ರಲ್ಲಿ ಜನಸಂಖ್ಯೆ ಹೆಚ್ಚಿಸಬೇಕೆಂದು ಗರ್ಭಪಾತ ನಿಷೇಧಿಸಿತು. ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯ ತುಂಬಿಕೊಂಡರು. 1989ರ ಕೊನೆಯಲ್ಲಿ ಆ ಸರ್ಕಾರ ಬಿದ್ದಾಗ ಒಳಗೆ ಇದ್ದದ್ದು ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು. ಹೊರಗಿನಿಂದ ಹೋದವರಿಗೆ ಗಾಬರಿ ಹುಟ್ಟಿಸಿದ್ದು ಕೂಸುಗಳ ಕೋಣೆಯ ಮೌನ. ಸಾಲುಸಾಲು ಮಂಚ, ಅಳುವ ಸದ್ದೇ ಇಲ್ಲ. ಅತ್ತರೆ ಯಾರೂ ಬರುವುದಿಲ್ಲ ಅನ್ನೋದನ್ನು ಆ ಮಕ್ಕಳು ಕಲಿತಿದ್ದವು. ಹೊತ್ತಿಗೆ ಸರಿಯಾಗಿ ಬಾಟಲಿ ಬರುತ್ತಿತ್ತು, ಬಟ್ಟೆಯನ್ನೂ ಬದಲಿಸುತ್ತಿದ್ದರು. ಆದರೆ ನೋಡಿಕೊಳ್ಳುವವರು ಬೆರಳೆಣಿಕೆ, ಮಕ್ಕಳು ವಿಪರೀತ. ಇದೇ ಮಗುವನ್ನು ದಿನವೂ ನೋಡಿ ನಗುವ ಇದೇ ಒಂದು ಮುಖ ಅಂತ ಇರಲಿಲ್ಲ.

2000ರಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಬುಕಾರೆಸ್ಟ್‌ನಲ್ಲಿ 136 ಪುಟ್ಟ ಮಕ್ಕಳ ಅಧ್ಯಯನ ಶುರು ಮಾಡಿದರು. ಚೀಟಿ ಎತ್ತಿದ ಹಾಗೆ ಆರಿಸಿ, ಅರ್ಧದಷ್ಟು ಮಕ್ಕಳನ್ನು ಸಾಕುತಂದೆತಾಯಂದಿರ ಮನೆಗೆ ಕಳಿಸಿದರು. ಮನೆಗೆ ಹೋದವರ ಬುದ್ಧಿಮತ್ತೆ, ಮಾತು, ಒಬ್ಬರನ್ನು ನಂಬಿ ಅಂಟಿಕೊಳ್ಳುವ ಗುಣ ಎಲ್ಲವೂ ಸುಧಾರಿಸಿದವು. 2 ವರ್ಷ ತುಂಬುವ ಮೊದಲೇ ಹೋದವರಲ್ಲಿ ಹೆಚ್ಚು ಸುಧಾರಣೆ ಕಂಡಿತು.

ಇಷ್ಟು ಓದಿದವರಿಗೆ ಎಳವೆ ಕೆಟ್ಟರೆ ಮುಗಿದೇ ಹೋಯ್ತು ಅನ್ನಿಸಬಹುದು. ಹಾಗಿಲ್ಲ. ಹಾರ್ಲೋ ಅವರ ಶಿಷ್ಯ ಸ್ಟೀಫನ್ ಸುವೋಮಿ 6 ತಿಂಗಳು ಒಂಟಿಯಾಗಿದ್ದ ಕೋತಿಗಳನ್ನು ಸರಿಪಡಿಸಲು ನೋಡಿದರು. ಅದೇ ವಯಸ್ಸಿನ ಆರೋಗ್ಯವಂತ ಕೋತಿಗಳ ಜೊತೆ ಬಿಟ್ಟರೆ ಏಟು ತಿಂದು ಮೂಲೆ ಸೇರುತ್ತಿದ್ದವು. ಕೊನೆಗೆ ಬರೀ 3 ತಿಂಗಳ ಪುಟ್ಟ ಮರಿಗಳನ್ನು ಅವುಗಳ ಜೊತೆ ಬಿಟ್ಟರು. ಈ ಮರಿಗಳಿಗೆ ಹೊಡೆದಾಡೋಕೆ ಬರುವುದಿಲ್ಲ, ಬರೋದು ತಬ್ಬೋದು ಮಾತ್ರ. ಹೋಗಿ ತಬ್ಬಿಕೊಂಡವು. ತೂಗುತ್ತಾ ಕೂತವನನ್ನೂ ಬಿಡಲಿಲ್ಲ. ಸ್ವಲ್ಪ ದಿನದಲ್ಲಿ ಆಟ ಶುರುವಾಯಿತು, ಕೆಲವು ತಿಂಗಳಲ್ಲಿ ರೋಗಿ ಯಾರು, ವೈದ್ಯ ಯಾರು ಅಂತ ಹೇಳೋದೇ ಕಷ್ಟವಾಯಿತು.

ಸರಿಮಾಡುವವರು ತಾಯಿಯೇ ಆಗಬೇಕಿಲ್ಲ ಅನ್ನೋದಕ್ಕೆ ಇನ್ನೂ ದೊಡ್ಡ ಉದಾಹರಣೆ ಆನೆಗಳದು, ಗಾತ್ರದಲ್ಲೂ! ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಆನೆಗಳ ಸಂಖ್ಯೆ ಇಳಿಸಲು ದೊಡ್ಡವನ್ನು ಕೊಂದು, ಅನಾಥ ಮರಿಗಳನ್ನು ಪಿಲಾನೆಸ್‌ಬರ್ಗ್ ಎಂಬ ಇನ್ನೊಂದು ಕಾಡಿಗೆ ಸಾಗಿಸಿದ್ದರು. ಅಲ್ಲಿ ಹಿರಿಯ ಆನೆಗಳೇ ಇರಲಿಲ್ಲ. ಹುಡುಗು ಗಂಡಾನೆಗಳಿಗೆ ಬರಬೇಕಾದ ವಯಸ್ಸಿಗಿಂತ ಮೊದಲೇ ಮದ ಬಂತು, ಬಂದದ್ದು ತಿಂಗಳುಗಟ್ಟಲೆ ಇಳಿಯಲಿಲ್ಲ. 1992ರಿಂದ 1997ರೊಳಗೆ ಅವು 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಕ್ರೂಗರ್‌ನಿಂದ 6 ಹಿರಿಯ ಗಂಡಾನೆಗಳನ್ನು ತಂದು ಬಿಟ್ಟರು. ದೊಡ್ಡವರ ಎದುರು ಚಿಕ್ಕವರ ಮದ ಇಳಿಯಿತು, ಘೇಂಡಾಮೃಗಗಳ ಸಾವೂ ನಿಂತಿತು.

ಸಾಕೋದು ಅಂದರೆ ಬರೀ ಮುದ್ದು, ಬೆದರಿಕೆ ಅಷ್ಟೇ ಅಲ್ಲ, ಕಲಿಸೋದೂ ಇದೆ. ಆಫ್ರಿಕಾದ ಕಲಹರಿ ಮರುಭೂಮಿಯ ಮೀರ್‌ಕ್ಯಾಟ್‌ಗಳು, ಅಂದರೆ ಗುಂಪಾಗಿ ಬದುಕುವ ಮುಂಗುಸಿ ಜಾತಿಯ ಪುಟ್ಟ ಪ್ರಾಣಿಗಳು, ಚೇಳು ತಿನ್ನುತ್ತವೆ. ತೀರಾ ಪುಟ್ಟ ಮರಿಗೆ ದೊಡ್ಡವು ಸತ್ತ ಚೇಳನ್ನು ತಂದುಕೊಡುತ್ತವೆ. ಸ್ವಲ್ಪ ಬೆಳೆದರೆ ಜೀವಂತ ಚೇಳು, ಆದರೆ ಕೊಂಡಿ ಕಿತ್ತದ್ದು. ಇನ್ನೂ ಬೆಳೆದರೆ ಕೊಂಡಿ ಸಮೇತ. ಚೇಳು ಓಡಿಹೋದರೆ ಹಿಡಿದು ತಂದು ಮರಿಯ ಮುಂದೆ ಮತ್ತೆ ಇಡುತ್ತವೆ. ಮರಿಯ ವಯಸ್ಸು ಅವಕ್ಕೆ ತಿಳಿಯೋದು ಅದರ ಕೂಗಿನಿಂದ. ಸಂಶೋಧಕರು ದೊಡ್ಡ ಮರಿಗಳ ಕೂಗನ್ನು ರೆಕಾರ್ಡ್ ಮಾಡಿ ಪುಟ್ಟವಿದ್ದ ಗುಂಪಿಗೆ ಕೇಳಿಸಿದಾಗ, ದೊಡ್ಡವು ಪುಟ್ಟ ಮರಿಗಳಿಗೇ ಜೀವಂತ ಬೇಟೆ ತರತೊಡಗಿದವು!

ಕಲಿಯುವವರು ತಾವೇ ಕೈಕಾಲು ಆಡಿಸಬೇಕು ಅನ್ನೋದನ್ನೂ ಮರೆಯುವ ಹಾಗಿಲ್ಲ. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿಜೋಡಿಯಾಗಿ ಪಟ್ಟೆ ಪಟ್ಟೆ ಗೋಡೆಯ ದುಂಡು ಕೋಣೆಯಲ್ಲಿ ಸುತ್ತಿಸಿದರು. ಒಂದು ನಡೆಯುತ್ತಿತ್ತು, ಇನ್ನೊಂದನ್ನು ಅದರ ನಡಿಗೆಗೇ ಸುತ್ತುವ ತೊಟ್ಟಿಲಲ್ಲಿ ಕೂರಿಸಿದ್ದರು. ಕಣ್ಣಿಗೆ ಬಿದ್ದದ್ದು ಎರಡಕ್ಕೂ ಒಂದೇ. ನಡೆದ ಮರಿಗೆ ಆಳ ತಿಳಿಯಿತು. ಕೂತು ಸುತ್ತಿದ್ದಕ್ಕೆ ಪಂಜ ಎಲ್ಲಿ ಊರಬೇಕೆಂದೇ ಗೊತ್ತಾಗಲಿಲ್ಲ, ಕೆಲವು ದಿನ ಬೆಳಕಲ್ಲಿ ಓಡಾಡಲು ಬಿಟ್ಟ ಮೇಲೆ ಸರಿಹೋಯಿತು. ಎಳೆಗೂಸಿನ ಮುಂದೆ ಬಣ್ಣಬಣ್ಣದ ವಿಡಿಯೊ ಹಚ್ಚಿಟ್ಟು ಮಿದುಳು ಬೆಳೆಯುತ್ತೆ ಅಂತ ಮಾರುವವರನ್ನು ಕಂಡಾಗಲೆಲ್ಲ ನನಗೆ ಈ ತೊಟ್ಟಿಲೇ ನೆನಪಾಗೋದು. ಇಲ್ಲಿ ಹೇಳಿದ ಅಧ್ಯಯನಗಳೆಲ್ಲ ತೋರಿಸಿದ್ದು ಮಾಮೂಲಿ ಒಡನಾಟ ಇಲ್ಲವಾದರೆ ಏನಾಗುತ್ತದೆ ಅನ್ನೋದನ್ನು. ಮಾಮೂಲಿಗಿಂತ ಜಾಸ್ತಿ ಸುರಿದರೆ ಮಗು ಮಹಾಮೇಧಾವಿ ಆಗುತ್ತೆ ಅಂತ ಇವುಗಳಲ್ಲಿ ಯಾವುದೂ ಹೇಳಿಲ್ಲ.

ಹಾಗಾದರೆ ಕೊರತೆ ಇರುವಲ್ಲಿ ಎಷ್ಟು ತುಂಬಿದರೆ ಸಾಕು? ಜಮೈಕಾದಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಅವರ ತಂಡ, ಪೌಷ್ಟಿಕ ಆಹಾರವಿಲ್ಲದೆ ಕುಳ್ಳಗೆ ಉಳಿದಿದ್ದ 129 ಬಡ ಮಕ್ಕಳನ್ನು ಆರಿಸಿಕೊಂಡಿತು. ಎಲ್ಲರೂ ಎರಡು ವರ್ಷದೊಳಗಿನವರು. ಕೆಲವರಿಗೆ ವಾರವಾರ ಹಾಲಿನ ಪುಡಿ ಕೊಟ್ಟರು. ಇನ್ನು ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಒಂದು ಗಂಟೆ ಹೋಗಿ, ಮನೆಯಲ್ಲೇ ಮಾಡಬಹುದಾದ ಆಟಿಕೆ ಹಿಡಿದು, ಮಗುವಿನ ಜೊತೆ ಹೇಗೆ ಆಡೋದು, ಹೇಗೆ ಮಾತಾಡಿಸೋದು ಅಂತ ತಾಯಿಗೆ ತೋರಿಸಿಕೊಟ್ಟರು. ಕೆಲವರಿಗೆ ಎರಡೂ ಸಿಕ್ಕಿತು, ಕೆಲವರಿಗೆ ಎರಡೂ ಇಲ್ಲ. ನಡೆದದ್ದು ಎರಡು ವರ್ಷ. ಇಪ್ಪತ್ತು ವರ್ಷದ ಮೇಲೆ ಹುಡುಕಿಕೊಂಡು ಹೋಗಿ ನೋಡಿದರೆ, ಆಟದ ಪಾಠ ಸಿಕ್ಕ ಮಕ್ಕಳ ಸಂಪಾದನೆ ಅದು ಸಿಗದವರಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು. ಹಾಲಿನ ಪುಡಿಯೊಂದನ್ನೇ ಪಡೆದವರಲ್ಲಿ ಅಂಥ ಲಾಭ ಉಳಿದಿರಲಿಲ್ಲ.